ಮೆಮೋದೊಳಗಿನ ರ‍್ಯಾಂಪಂಟ್, ಕೆರೆಯೊಳಗಿನ ಹೂವು

ಓದುವ ಎಲ್ಲರಿಗೂ ನಮಸ್ಕಾರ. ಅರ್ಜಿಗಳನ್ನು ಬಿಟ್ಟರೆ ಬೇರೇನೂ ಬರೆದು ರೂಢಿ ಇರುವವನಲ್ಲ ನಾನು. ಏಳನೇ ತರಗತಿಗೆ ಶಾಲೆ ಬಿಟ್ಟವನು, ಇಪ್ಪತ್ತಾರು ದಾಟಿದ ಮೇಲೆ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದವನು. ಈ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ. ತಪ್ಪುಗಳು ಇದ್ದೇ ಇರುತ್ತವೆ. ದಯವಿಟ್ಟು ಮನ್ನಿಸಿ, ಅಲ್ಲೇ ನಿಲ್ಲದೆ ಮುಂದಕ್ಕೆ ಓದಿ.

ಹೇಳಬೇಕೆಂದು ಕೂತಿರುವುದು ಒಂದು ಇಂಗ್ಲಿಷ್ ಪದದ ವಿಚಾರ. ರ‍್ಯಾಂಪಂಟ್. ತಡೆಯಿಲ್ಲದೆ ಹರಡಿರುವುದಕ್ಕೆ ಹೇಳುವ ಪದ. ಇಂಗ್ಲಿಷ್ ಪೇಪರಿನಲ್ಲಿ ಜ್ವರದ ಸುದ್ದಿಯ ಜೊತೆಗೋ ಲಂಚದ ಸುದ್ದಿಯ ಜೊತೆಗೋ ಅದು ಕಣ್ಣಿಗೆ ಬಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೊಸ್ತಿಲ ತನಕ ಹೋಗಿ ಬರುತ್ತೇನೆ. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿದೆ, ಕಾರಣ ಮಾತ್ರ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಿಂದ ಚಿನಕುರಳಿಗೆ ಹೋಗುವ ಕಡೆ, ರಸ್ತೆಯಿಂದ ಒಳಗಿರುವ ಊರು ನಮ್ಮದು. ಊರ ಮುಂದೆ ಕೆರೆ, ಕೆರೆಯ ಕೆಳಗೆ ಗದ್ದೆ. ನಾನು ನೀರಾವರಿ ಇಲಾಖೆಯ ದಿನಗೂಲಿಯ ಮೇಲೆ ಸೌಡಿ ಕೆಲಸ ಮಾಡುತ್ತಿದ್ದೆ. ಅಂದರೆ ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ನೋಡಿ ಕಾಲುವೆ ತಿರುಗಿಸುವುದು. ಕೆರೆಯ ಏರಿ ಮತ್ತು ತೂಬು ಇನ್ನೊಬ್ಬರ ವಶದಲ್ಲಿದ್ದವು. ಊರಿನವರು ಅವರನ್ನು ದೊಡ್ಡ ಸೌಡಿ ಎನ್ನುತ್ತಿದ್ದರು, ನಾನು ಮಾವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಗುದ್ದಲಿ ಎಲ್ಲಿ ಹಾಕಿದರೆ ನೀರು ಹೇಗೆ ತಿರುಗುತ್ತದೆ ಎಂಬುದನ್ನು ಕಲಿಸಿದವರು ಅವರೇ. ಓದು ಬರಹ ಬರುತ್ತಿರಲಿಲ್ಲ. ಎಷ್ಟು ವರ್ಷದಿಂದ ದಿನಗೂಲಿಯ ಮೇಲೆ ಇದ್ದಾರೆ ಎಂದು ಅವರಿಗೇ ಲೆಕ್ಕ ಸಿಗುತ್ತಿರಲಿಲ್ಲ. ಆ ವರ್ಷ ಕಾಯಂ ಮಾಡುವವರ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ಅವರ ಹೆಸರಿತ್ತು. ಕಾಯಂ ಆದ ದಿನ ಹಾಕಿಕೊಳ್ಳಲೆಂದು ಒಂದು ಖಾಕಿ ಅಂಗಿ ಹೊಲಿಸಿ, ಮಡಚಿ, ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನಗೆ ಒಮ್ಮೆ ತೆಗೆದು ತೋರಿಸಿದ್ದರು. ಗುಂಡಿಯನ್ನು ಮುಟ್ಟಲು ಬಿಟ್ಟಿರಲಿಲ್ಲ.

ಒಂದು ಬೆಳಗ್ಗೆ ಏರಿಯ ಮೇಲೆ ಕೂತಿದ್ದವರು ನನ್ನನ್ನು ಕೂಗಿದರು. ಕೈಯಲ್ಲಿ ಮಡಚಿದ ಕಾಗದ.

“ಲೇ, ಇಸ್ಕೂಲ್ಗೋಗೋನೆ, ಬಾ ಇಲ್ಲಿ. ಆಪೀಸಿಂದ ಕೊಟ್ಟವ್ರೆ, ಏನ್ ಬರ್ದವ್ರೆ ಓದು.”

“ಇಂಗ್ಲೀಸಲ್ಲಿ ಅದೆ ಮಾವ.”

“ಇಂಗ್ಲೀಸಲ್ಲಿದ್ರೇನ್ಲಾ? ಭಾನ್ವಾರ ಭಾನ್ವಾರ ಪಟ್ಣಕ್ಕೋಗಿ ಏನ್ ಕಳ್ಳೆಕಾಯ್ ತಿನ್ಕೊಂಡ್ ಬತ್ತೀಯಾ?”

ಪಟ್ಣ ಅಂದರೆ ಶ್ರೀರಂಗಪಟ್ಟಣ. ಅಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ನಾನು ಭಾನುವಾರದ ಪಾಠಕ್ಕೆ ಹೋಗುತ್ತಿದ್ದೆ. ಕಾಗದ ಬಿಡಿಸಿದೆ. ಮೂರೇ ಸಾಲು, ಟೈಪ್ ಮಾಡಿದ್ದು. ಬೆರಳಿಟ್ಟು ಓದಿದೆ. ಕೆರೆ ಎಂದಿತ್ತು, ತೂಬು ಎಂದಿತ್ತು, ಕಳೆ ಎಂದಿತ್ತು. ಹತ್ತು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲದಿದ್ದರೆ ಕೆಲಸದಿಂದ ಯಾಕೆ ಬಿಡಿಸಬಾರದು ಎಂದಿತ್ತು. ಅಷ್ಟು ತಿಳಿಯಿತು. ಕಳೆಯ ಪಕ್ಕದಲ್ಲಿ ಕೂತಿದ್ದ ಒಂದು ಪದ ಮಾತ್ರ ತಿಳಿಯಲಿಲ್ಲ.

ಓದಿದ್ದನ್ನು ಹೇಳಿದೆ. ಅವರು ಬೀಡಿಯನ್ನು ಕಲ್ಲಿಗೆ ಉಜ್ಜಿ ಆರಿಸಿದರು.

“ಬುಡ್ಸಾಕ್ತಾರಂತಾ?”

“ಕೇಳವ್ರೆ ಮಾವ, ಬುಡ್ಸಿಲ್ಲ ಇನ್ನೂ. ಉತ್ರ ಬರೀಬೇಕು. ಒಂದ್ ಪದ ಗೊತ್ತಾಯ್ತಿಲ್ಲ. ತಿಳ್ಕೊಂಡ್ ಬಂದು ನಾನೇ ಬರ್ದ್ಕೊಡ್ತೀನಿ.”

ಇಬ್ಬರೂ ಕೆರೆಯ ಕಡೆ ನೋಡಿದೆವು. ನೋಡಲು ನೀರೇ ಕಾಣುತ್ತಿರಲಿಲ್ಲ. ಈ ಏರಿಯಿಂದ ಆ ದಡದ ತನಕ ಹಸಿರು. ದಪ್ಪ ಹೊಳೆಯುವ ಎಲೆ, ಬುಡದಲ್ಲಿ ಉಬ್ಬಿದ ತೊಟ್ಟು, ಮೇಲೆ ತಿಳಿ ನೇರಳೆ ಹೂವು, ಹೂವಿನ ನಡುವೆ ನವಿಲುಗರಿಯ ಕಣ್ಣಿನಂತೆ ಹಳದಿ ಬೊಟ್ಟು. ಪೇಟೆಯವರು ಅಂತರಗಂಗೆ ಎನ್ನುತ್ತಿದ್ದರು. ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರಿತ್ತು, ಗೌರಮ್ಮನ ಹೂವು. ತೂಬಿನ ಬಾಯಿಗೆ ಬೇರು ಹೆಣೆದುಕೊಂಡು ಕೊನೆಯ ಗದ್ದೆಗಳಿಗೆ ನೀರು ಹೋಗುತ್ತಿರಲಿಲ್ಲ. ಒಟ್ಲು, ಅಂದರೆ ಭತ್ತದ ಸಸಿಮಡಿ, ಹಾಕಿದವರ ಪೈರು ಕೆಂಪಗಾಗಿ, ಅವರು ಕಚೇರಿಗೆ ಅರ್ಜಿ ಕೊಟ್ಟಿದ್ದರು. ಹೊಸದಾಗಿ ಬಂದಿದ್ದ ಸಾಹೇಬರು ಬಂದು, ಏರಿಯ ಮೇಲೆ ಜೀಪು ನಿಲ್ಲಿಸಿ, ಇಳಿಯದೆ ನೋಡಿ ಹೋಗಿದ್ದರು. ಅದರ ಫಲ ಈ ಕಾಗದ.

ಆ ಗಿಡ ಊರಿಗೆ ಬಂದದ್ದು ಹೇಗೆ, ಕೆರೆಗೆ ಬಿಟ್ಟವರು ಯಾರು ಎಂದು ನನ್ನ ಮನೆಯವರನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲ ಎಂದುಕೊಂಡಿದ್ದೆ.

ಅದಕ್ಕೆ ಎರಡು ವರ್ಷ ಹಿಂದೆ, ಗೌರಿ ಹಬ್ಬಕ್ಕೆ ಮುಂಚೆ, ತವರಿಗೆ ಹೋಗಿದ್ದ ಹೆಂಡತಿಯನ್ನು ಕರೆತರಲು ಕೆ.ಆರ್. ಪೇಟೆ ಕಡೆ ಹೋಗಿದ್ದೆ. ಬಸ್ಸಿಗೆ ಕಾಯುತ್ತಿದ್ದ ಕಡೆ ಒಂದು ಕಟ್ಟೆ. ಅದರ ತುಂಬ ಈ ಹೂವು. ಮದುವೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳು ಹೆಚ್ಚು ಮಾತಾಡುವವಳಲ್ಲ. “ಎಷ್ಟ್ ಚೆಂದಾಗದೆ ಅಲ್ವ” ಎಂದಳು, ಅಷ್ಟೇ. ನಾನು ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ಕೆಸರಿಗೆ ಇಳಿದು, ಬೇರು ಸಮೇತ ಮೂರು ಗಿಡ ಕಿತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ಹಾಕಿ, ಪಾಂಡವಪುರದ ತನಕ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಕಂಡಕ್ಟರು ನಕ್ಕ. ದನಕ್ಕೆ ನೀರಿಡುವ ಕಲ್ಲುಬಾನಿಯಲ್ಲಿ ಬಿಟ್ಟೆವು. ಹಬ್ಬದ ದಿನ ಸರಿಯಾಗಿ ಹೂ ಬಿಟ್ಟಿತು. ಅವ್ವ ಅದನ್ನು ಗಿಡದ ಸಮೇತ ತಂಬಿಗೆಯಲ್ಲಿಟ್ಟು ಗೌರಿಯ ಮುಂದೆ ಕೂರಿಸಿದಳು. ಬಾಗಿನ ಕೊಡಲು ಬಂದ ಹೆಂಗಸರೆಲ್ಲ ಕಣ್ಣರಳಿಸಿ ನೋಡಿದರು.

ನಮ್ಮಲ್ಲಿ ಗೌರಿಯ ಮುಂದೆ ಇಟ್ಟದ್ದನ್ನು ತಿಪ್ಪೆಗೆ ಹಾಕುವುದಿಲ್ಲ. ಕಾಲಿಗೆ ಸಿಗಬಾರದು. ಗೌರಿಯನ್ನು ಕಳಿಸುವಾಗ ಹೂವು, ಎಲೆ, ಕಂಕಣದ ದಾರ ಎಲ್ಲವೂ ಅವಳ ಜೊತೆಗೇ ನೀರಿಗೆ. ಗಿಡಕ್ಕೆ ಇನ್ನೂ ಜೀವವಿದೆ, ಬಾನಿಗೇ ಹಾಕುತ್ತೇನೆ ಎಂದರೆ ಅವ್ವ ಒಪ್ಪಲಿಲ್ಲ.

“ಗೌರಮ್ಮನ ಮುಂದೆ ಕುಂತಿದ್ದುದ್ನ ದನಿನ್ ಬಾನಿಗಾಕ್ತಾನಂತೆ. ಬುದ್ಧಿ ಅದಾ ನಿಂಗೆ? ಅವಳ್ ಜೊತೆ ಕಳ್ಸು.”

ಏರಿಯ ಮೆಟ್ಟಿಲಿಳಿದು, ಮಣ್ಣಿನ ಗೌರಿಯ ಜೊತೆ ಆ ಮೂರು ಗಿಡಗಳನ್ನೂ ನಾನೇ ನೀರಿಗೆ ಬಿಟ್ಟೆ. ಗೌರಿ ಕರಗಿದಳು. ಗಿಡ ತೇಲಿಕೊಂಡು ಹೋಯಿತು.

ಇದು ನೆನಪಾಗುತ್ತಿದ್ದರೂ ಆ ಬೆಳಗ್ಗೆ ನಾನು ಬಾಯಿಬಿಡಲಿಲ್ಲ. ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಊಟವನ್ನೂ ಮಾಡದೆ ಪಾಂಡವಪುರದ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಕಾಗದ ನೋಡಿ, ಪದದ ಮೇಲೆ ಪೆನ್ನು ಕುಟ್ಟಿದರು.

“ಇದಾ? ಜಾಸ್ತಿ ಅಂತ ಇಟ್ಕೊಳ್ಳಿ. ಸಾಹೇಬ್ರಿಗೆ ಇಷ್ಟವಾದ ಪದ, ಎಲ್ಲದಕ್ಕೂ ಹಾಕ್ತಾರೆ. ಮೊನ್ನೆ ನಮ್ ಆಫೀಸಲ್ಲಿ ಕಾಫಿಗೆ ಹೋಗೋದು ರ‍್ಯಾಂಪಂಟು ಅಂತ ನಂಗೂ ಬರೆದವ್ರೆ.”

ಜಾಸ್ತಿ ಎಂದರೆ ಇಷ್ಟೇನಾ? ಕಳೆ ಜಾಸ್ತಿಯಾದರೆ ಕೆಲಸದಿಂದ ಯಾಕೆ ಬಿಡಿಸಬೇಕು? ಆ ಪದದೊಳಗೆ ಇನ್ನೇನೋ ಇದೆ, ಏನೋ ತಪ್ಪು ಹೊರಿಸುತ್ತಿದೆ ಎಂದು ಅನ್ನಿಸಿತು. ಏನು ತಪ್ಪು ಎಂದು ತಿಳಿಯದೆ ಉತ್ತರ ಬರೆದು ಅವರ ಕೆಲಸ ಹೋದರೆ? ಬಸ್ಸು ಬಂದರೂ ಹತ್ತಲಿಲ್ಲ. ನಿಲ್ದಾಣದಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಮತ್ತೊಂದು ಬಸ್ಸೂ ಹೋಯಿತು.

ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದಾಗ ಪಾಠ ಶುರುವಾಗುವ ಮೊದಲೇ ಮೇಷ್ಟರನ್ನು ಹಿಡಿದೆ. ಪಕ್ಕದ ಬೆಂಚಿನವರು ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನನ್ನು ‘ಅಣ್ಣೋ’ ಎಂದು ರಾಗವಾಗಿ ಕರೆಯುತ್ತಿದ್ದರು. “ಅಣ್ಣೋ, ಲವ್ ಲೆಟರಾ?” ಎಂದು ಒಬ್ಬ ಕೇಳಿದ. ಮೇಷ್ಟರು ಅವನನ್ನು ಗದರಿ, ರಟ್ಟು ಕಿತ್ತುಹೋದ ನಿಘಂಟು ತೆಗೆದು, ಎರಡು ಅರ್ಥ ಓದಿದರು. ಒಂದು, ಅಂಕೆಯಿಲ್ಲದೆ ಹಬ್ಬಿದ. ಇನ್ನೊಂದು, ಹಿಂಗಾಲ ಮೇಲೆ ಎದ್ದು ನಿಂತ, ಸಿಂಹದ ವಿಷಯದಲ್ಲಿ.

“ಸಿಂಹ ಯಾಕೆ ಸಾರ್ ಬಂತು ನಮ್ಮ ಕೆರೆಗೆ?”

“ಅದು ನನಗೂ ಗೊತ್ತಿಲ್ಲಪ್ಪ. ಪರೀಕ್ಷೆಗೆ ಬರಲ್ಲ, ಬಿಡು.”

ನಾನು ಬಿಡಲಿಲ್ಲ. ಅವತ್ತಿನ ಪಾಠ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಕಿಟಕಿಯಲ್ಲಿ ದೂರಕ್ಕೆ ಕಾಣುತ್ತಿದ್ದ ಕರಿಘಟ್ಟವನ್ನೇ ನೋಡುತ್ತ ಬೆರಳುಗುರು ಕಚ್ಚುತ್ತ ಕೂತಿದ್ದೆ. ಕೊನೆಗೆ ಮೇಷ್ಟರೇ ಹತ್ತಿರ ಬಂದರು. ನಾಗಮಂಗಲದಲ್ಲಿ ತಮಗೆ ಇಂಗ್ಲಿಷ್ ಕಲಿಸಿದವರು ಇದ್ದಾರೆ, ನಿವೃತ್ತರು, ಪದಗಳ ಹುಟ್ಟು ಹುಡುಕುವುದೆಂದರೆ ಅವರಿಗೆ ಊಟ ಬೇಡ ಎಂದು ಹೇಳಿ, ಮನೆಯ ಗುರುತು ಕೊಟ್ಟರು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅಷ್ಟು ದೂರ ಹೋಗುವ ಅವಶ್ಯಕತೆ ಇರಲಿಲ್ಲ. ಪದದ ಹಿಂದೆ ಓಡುತ್ತಿದ್ದಷ್ಟು ಹೊತ್ತು ಇನ್ನೊಂದು ಮಾತನ್ನು ದೊಡ್ಡ ಸೌಡಿಗೆ ಹೇಳಬೇಕಾಗಿರಲಿಲ್ಲ. ಅದಕ್ಕೇ ಓಡುತ್ತಿದ್ದೆ. ಮನೆಯಲ್ಲೂ ಹೀಗೆಯೇ. ಉಣ್ಣುವಾಗ ಅರ್ಧಕ್ಕೆ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. “ಆಗ್ಲೇ ಆಕಿದ್ದೀನಿ, ಅದ್ರೊಟ್ಟೆ ಒಡ್ದೋಯ್ತದೆ, ಬಂದ್ ಉಣ್ಣಿ” ಎನ್ನುತ್ತಿದ್ದಳು ಹೆಂಡತಿ.

ಎರಡು ದಿನ ಬಿಟ್ಟು ಹೊರಟೆ. ಜಕ್ಕನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ನಾಗಮಂಗಲ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ದೇವಸ್ಥಾನದ ಹಿಂದಿನ ಬೀದಿ. ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ವಿಷಯ ಹೇಳಿದ್ದೇ ತಡ, ಮಜ್ಜಿಗೆಯನ್ನು ಕೈಗೆ ಕೊಟ್ಟು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹಳೇ ಫ್ರೆಂಚ್ ಮಾತು ಕಣಯ್ಯ. ಹತ್ತೋದು, ತೆವಳಿಕೊಂಡು ಮೇಲಕ್ಕೆ ಹೋಗೋದು ಅಂತ ಅರ್ಥ. ಅದಕ್ಕೂ ಹಿಂದೆ ಜರ್ಮನ್ ಕಡೆಯದು, ಉಗುರು ಹಾಕಿ ಹಿಡಿದುಕೊಂಡು ಹತ್ತೋದು ಅಂತ ಕೆಲವರ ಅಂದಾಜು. ಖಚಿತವಾಗಿ ಹೇಳೋಕಾಗಲ್ಲ. ನಮ್ಮ ಗೇಟಿನ ಹತ್ತಿರ ಸ್ಕೂಟರ್ ಹತ್ತಿಸೋಕೆ ಇಳಿಜಾರು ಹಾಕಿಸಿದ್ದೀನಲ್ಲ, ಅದನ್ನ ರ‍್ಯಾಂಪ್ ಅಂತಾರಲ್ಲ, ಅದೂ ಇದೇ ಬಳಗ.”

“ಸಿಂಹ ಸಾರ್?”

“ಬಂದೆ, ಬಂದೆ. ಆ ದೇಶದ ರಾಜರು ಬಾವುಟದ ಮೇಲೆ ಸಿಂಹ ಬರೆಸ್ತಿದ್ದರು. ಮಲಗಿದ ಸಿಂಹಕ್ಕೆ ಒಂದು ಹೆಸರು, ನಡೆಯೋ ಸಿಂಹಕ್ಕೆ ಒಂದು ಹೆಸರು. ಹಿಂಗಾಲಲ್ಲಿ ನಿಂತು ಮುಂಗಾಲೆತ್ತಿ ಮೇಲೆ ಬೀಳೋಕೆ ಬರೋ ಸಿಂಹ ಇದೆಯಲ್ಲ, ಅದು ರ‍್ಯಾಂಪಂಟ್. ಹೀಗೆ.”

ಕುರ್ಚಿಯಿಂದ ಎದ್ದು, ಎರಡೂ ಕೈಗಳನ್ನು ಪಂಜದಂತೆ ಎತ್ತಿ ನಿಂತೇಬಿಟ್ಟರು. ಒಳಗಿನಿಂದ ಅವರ ಹೆಂಡತಿಯ ದನಿ ಬಂತು: “ಏನ್ರೀ ಅದು? ಸೊಂಟ ಹಿಡ್ಕೊಂಡ್ರೆ ಈ ಸಲ ನಾನು ಎಣ್ಣೆ ತಿಕ್ಕೋಳಲ್ಲ, ಹೇಳಿದ್ದೀನಿ.”

“ಸಿಂಹಕ್ಕೆ ಹೀಗೆಲ್ಲ ಹೇಳೋ ಹಾಗಿಲ್ಲ ಕಣೇ” ಎಂದು ಹೇಳಿ, ಮೆಲ್ಲಗೆ ಕೂತರು. “ಆಮೇಲೆ ಏನಾಯ್ತು ಅಂದ್ರೆ, ಆ ರೋಷ ಇದೆಯಲ್ಲ, ಹತೋಟಿಗೆ ಸಿಗದ ರೋಷ, ಅದಷ್ಟೇ ಉಳೀತು. ಸಿಂಹ ಇಳಿದುಹೋಯ್ತು. ರೋಗ, ಕಳೆ, ಸುಳ್ಳುಸುದ್ದಿ, ಎಲ್ಲಕ್ಕೂ ಈ ಪದ ಬಂತು. ಆದರೆ ಒಂದು ಗಮನಿಸು. ಬರೀ ಹರಡೋದಕ್ಕೆ ಇದನ್ನ ಹಾಕಲ್ಲ. ನಿನ್ನ ಗದ್ದೇಲಿ ಭತ್ತ ಹುಲುಸಾಗಿ ಬೆಳೆದಿದ್ರೆ ಹೀಗನ್ನಲ್ಲ. ಕೆಟ್ಟದ್ದು ಹರಡಬೇಕು, ಹರಡ್ತಾ ಇರೋವಾಗ ಹಿಡಿದು ನಿಲ್ಲಿಸೋರು ಇರಬಾರದು. ಎರಡೂ ಸೇರಿದ್ರೆ ರ‍್ಯಾಂಪಂಟ್. ನಿಮ್ಮ ಸಾಹೇಬರು ಹೇಳ್ತಿರೋದು ಅದೇ. ತಡೆಯೋ ಮನುಷ್ಯ ಅಲ್ಲಿ ಇರಲಿಲ್ಲ ಅಂತ.”

ಮಜ್ಜಿಗೆಯ ಲೋಟವನ್ನು ಜಗಲಿಯ ಮೇಲೆ ಇಟ್ಟೆ. ತಡೆಯುವ ಮನುಷ್ಯ ಇದ್ದರು.

ಹಿಂದಿನ ವರ್ಷದ ಬೇಸಿಗೆ. ಕೆರೆಯ ಒಂದು ಮೂಲೆಯಲ್ಲಿ ಗಿಡ ಆಗಿನ್ನೂ ಚಾಪೆಯಗಲ ಇತ್ತು. ದೊಡ್ಡ ಸೌಡಿ ಕುಡುಗೋಲು ಹಿಡಿದು ಬಂದು, ಅಂಗಿ ಬಿಚ್ಚಿ ನೀರಿಗಿಳಿದಿದ್ದರು. “ಇದು ಒಳ್ಳೆ ಗಿಡ ಅಲ್ಲ ಕಣ್ಲಾ, ದಿನಕ್ಕೊಂದ್ ಮೊಳ ಬೆಳೀತಾದೆ” ಎಂದಿದ್ದರು. ಏರಿಯ ಮೇಲೆ ನಿಂತು ತಡೆದವನು ನಾನು. ಗೌರಮ್ಮನ ಜೊತೆ ಹೋದ ಹೂವು, ಕುಡುಗೋಲು ಹಾಕಬೇಡಿ, ಅವ್ವ ಬೈಯುತ್ತಾಳೆ ಎಂದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ನನ್ನ ಜೊತೆ ಸೇರಿದರು. ಗೌರಮ್ಮನ ಹೂವು ಎಂಬ ಹೆಸರು ಅವತ್ತೇ ಊರಿಗೆ ಹತ್ತಿದ್ದು. ದೊಡ್ಡ ಸೌಡಿ ಕುಡುಗೋಲನ್ನು ತೊಳೆದು ಮೇಲೆ ಬಂದಿದ್ದರು. ನನಗೆ ಅವತ್ತು ನಿಜವಾಗಿ ಬೇಕಾಗಿದ್ದದ್ದು ಗೌರಿಯ ಮರ್ಯಾದೆಯಲ್ಲ. ಸಂಜೆ ಏರಿಯ ಮೇಲೆ ಬಂದಾಗ ಹೆಂಡತಿ ಆ ಹೂವನ್ನು ನೋಡುತ್ತಿದ್ದಳು, ಅದು.

“ಅಂದ್ಹಾಗೆ, ಆ ಗಿಡ ನಿಮ್ಮ ಕೆರೆಗೆ ಹೇಗೆ ಬಂತು? ನೀರಿನ ಜೊತೆ ಬಂತಾ?” ಎಂದು ಕೇಳಿದರು ಆ ಹಿರಿಯ ಮೇಷ್ಟರು. ಸುಮ್ಮನೆ, ತಿಳಿಯುವ ಆಸೆಯಿಂದ.

“ಗೊತ್ತಿಲ್ಲ ಸಾರ್” ಎಂದೆ.

ಕಾಲಿಗೆ ನಮಸ್ಕಾರ ಮಾಡಿ ಹೊರಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬಂದೆ. ಊರಿಗೆ ತಿರುಗುವ ಗೇಟಿನಲ್ಲಿ ಇಳಿದವನು ಮನೆಗೆ ಹೋಗದೆ ನೇರ ಏರಿಗೆ ಹೋದೆ. ದೊಡ್ಡ ಸೌಡಿ ತೂಬಿನ ಬಾಯಲ್ಲಿ ಕೋಲು ಹಾಕಿ ಬೇರು ಎಳೆಯುತ್ತಿದ್ದರು. ಎಳೆದಷ್ಟೂ ಹಿಂದಿನಿಂದ ಮತ್ತೊಂದಷ್ಟು ಬಂದು ಕೂರುತ್ತಿತ್ತು. ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಕೆ.ಆರ್. ಪೇಟೆ, ಪ್ಲಾಸ್ಟಿಕ್ ಚೀಲ, ಗೌರಿ.

ಅವರು ಕೋಲನ್ನು ನಿಲ್ಲಿಸಲಿಲ್ಲ.

“ಇದ್ನ ಯೋಳಾಕೆ ನಾಗಮಂಗ್ಲಕ್ಕೋಗಿದ್ದಾ? ನೀನು ಬುಟ್ಟಿದ್ನ ನಾನೇ ಏರಿ ಮ್ಯಾಲಿಂದ ನೋಡಿವ್ನಿ ಕಣ್ಲಾ.”

“ಗೊತ್ತಿತ್ತಾ ಮಾವ? ಮತ್ಯಾಕ್ ಸಾಹೇಬ್ರಿಗೆ ಯೋಳ್ಲಿಲ್ಲ?”

“ಏನಂತ ಯೋಳ್ಲಿ? ನಮ್ಮುಡ್ಗ ಎಂಡ್ರುಗೆ ಊವ ತಂದ, ಅದು ಕೆರೆ ನುಂಗ್ತು ಅಂತಾನಾ? ನಿನ್ ಕೆಲ್ಸ ಓಯ್ತದೆ. ಇನ್ನೂ ಮೀಸೆ ನೆಟ್ಗೆ ಬಂದಿಲ್ಲ ನಿಂಗೆ.”

“ನಿಮ್ ಕೆಲ್ಸ ಓಯ್ತದಲ್ಲ.”

ಅವರು ಕೋಲು ಊರಿ ನಿಂತರು. “ಕಾಯಂ ಆಯ್ತದೆ ಅಂತ ಇದ್ದೆ” ಎಂದರು. ಆಮೇಲೆ ಗದರಿದರು. “ಬರಿ. ಚಿಕ್ಕುದ್ರಲ್ಲೇ ಕೀಳಾಕೋಗಿದ್ದೆ, ಊರೋರು ಬ್ಯಾಡಂದ್ರು ಅಂತ ಬರಿ. ನಿನ್ನೆಸ್ರು ಬರೀಬ್ಯಾಡ. ಬರುದ್ರೆ ನಾನು ಎಬ್ಬೆಟ್ ಒತ್ತಾಕಿಲ್ಲ, ಯೋಳಿವ್ನಿ.”

ಮೂರು ದಿನ ಉಳಿದಿತ್ತು. ಆ ಮೂರು ದಿನದಲ್ಲಿ ಉತ್ತರವನ್ನು ಏಳೆಂಟು ಸಲ ಬರೆದು ಹರಿದೆ. ಊರೋರು ಎಂದು ಬರೆದರೆ ಯಾರೂ ನಂಬುವುದಿಲ್ಲ. ಯಾವ ಊರಿನವರು, ಯಾಕೆ ತಡೆದರು, ನೀನೇಕೆ ಅವರ ಮಾತು ಕೇಳಿದೆ ಎನ್ನುತ್ತಾರೆ. ಕೊನೆಗೆ ನಾಲ್ಕು ಸಾಲು ಬರೆದೆ, ಕನ್ನಡದಲ್ಲಿ. ಸಾಹೇಬರು ಬಳಸಿದ ಪದಕ್ಕೆ ತಡೆಯುವವರಿಲ್ಲದೆ ಹರಡಿದ ಎಂದು ಅರ್ಥವಾಗುತ್ತದೆಂದು ತಿಳಿದುಕೊಂಡಿದ್ದೇವೆ. ತಡೆಯುವವರು ಇದ್ದರು. ಗಿಡ ಚಾಪೆಯಗಲ ಇದ್ದಾಗ ದೊಡ್ಡ ಸೌಡಿ ಕೀಳಲು ನೀರಿಗಿಳಿದಿದ್ದರು. ಗಿಡವನ್ನು ತಂದು ಕೆರೆಗೆ ಬಿಟ್ಟವನೂ, ಅವರನ್ನು ತಡೆದವನೂ ಈ ಕಾಗದ ಬರೆದಿರುವ ನಾನು. ಕೆಳಗೆ ನನ್ನ ಸಹಿ ಹಾಕಿ, ಪಕ್ಕದಲ್ಲಿ ಹೆಬ್ಬೆಟ್ಟಿಗೆ ಜಾಗ ಬಿಟ್ಟೆ.

ಅವರ ಮನೆಯ ಜಗಲಿಯಲ್ಲಿ ಕೂತು ಓದಿದೆ. ಅಂದರೆ ಓದಿದಂತೆ ಮಾಡಿದೆ. ಕಣ್ಣು ಕಾಗದದ ಮೇಲೆ, ಬಾಯಲ್ಲಿ ಬೇರೆ ಮಾತು. “ಗಿಡ ಎಲ್ಲಿಂದ ಬಂತೋ ತಿಳಿಯದು. ಚಿಕ್ಕದಿದ್ದಾಗ ಕೀಳಲು ಹೋಗಿದ್ದೆ. ಊರಿನವರು ಗೌರಮ್ಮನ ಹೂವೆಂದು ಬೇಡ ಎಂದರು.” ಅವರು ತಲೆ ತೂಗುತ್ತ ಕೇಳಿದರು.

“ಅಷ್ಟೇನಾ? ಗೀಚಿರೋದು ಜಾಸ್ತಿ ಕಾಣ್ತದೆ.”

“ಮೇಲೆ ಕೆಳ್ಗೆ ಮಾನ್ಯರೇ, ವಂದ್ನೆಗಳು ಅಂತೆಲ್ಲ ಇರ್ತದೆ ಮಾವ.”

“ಅಂಗಾ” ಎಂದು, ಶಾಯಿಯ ಪ್ಯಾಡಿಗೆ ಬೆರಳು ಒತ್ತಿ, ನಾನು ತೋರಿಸಿದ ಕಡೆ ಗಟ್ಟಿಯಾಗಿ ಒತ್ತಿದರು. ಉಳಿದ ಶಾಯಿಯನ್ನು ಮೊಣಕಾಲಿಗೆ ಒರೆಸಿಕೊಂಡರು. ನಾನು ಎದ್ದು ಬಂದೆ. ಕೂತಿದ್ದರೆ ಹೇಳಿಬಿಡುತ್ತಿದ್ದೆ.

ಉತ್ತರ ಕೊಟ್ಟ ವಾರಕ್ಕೆ ಇಬ್ಬರನ್ನೂ ಕರೆಸಿದರು. ಸಾಹೇಬರ ಮೇಜಿನ ಮುಂದೆ ನಿಂತೆವು. ಅವರು ಬೇರೆ ಕಡೆಯವರು, ಕನ್ನಡವನ್ನು ಜೋಡಿಸಿಕೊಂಡು ಮಾತಾಡುತ್ತಿದ್ದರು. ನನ್ನ ಕಾಗದವನ್ನು ಎತ್ತಿ, ದೊಡ್ಡ ಸೌಡಿಯನ್ನು ನೋಡಿ, ಜೋರಾಗಿ ಓದತೊಡಗಿದರು. ಮೊದಲ ಸಾಲು. ಎರಡನೆಯದು. ದೊಡ್ಡ ಸೌಡಿ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದವರು ‘ತಂದು ಕೆರೆಗೆ ಬಿಟ್ಟವನೂ’ ಎಂಬಲ್ಲಿಗೆ ಬಂದಾಗ ತಲೆ ಎತ್ತಿದರು. ಸಾಹೇಬರ ಕಡೆ ಅಲ್ಲ, ನನ್ನ ಕಡೆ. ಓದುವುದು ಮುಗಿಯುವ ತನಕ ಕಣ್ಣು ತೆಗೆಯಲಿಲ್ಲ.

“ಇದು ನಿಜವೇ?” ಎಂದು ಸಾಹೇಬರು ಅವರನ್ನು ಕೇಳಿದರು.

“ನಿಜ ಸ್ವಾಮಿ” ಎಂದರು. “ಆದ್ರೆ ಒಪ್ಪಿ ಒತ್ತಿದ್ದಲ್ಲ.”

ಆ ಮಾತು ಸಾಹೇಬರಿಗೆ ಅರ್ಥವಾಗಲಿಲ್ಲ. ದೊಡ್ಡ ಸೌಡಿಯ ಮೇಲಿನ ಮೆಮೋ ಕೈಬಿಡಲಾಗಿದೆ ಎಂದು ಬರೆದರು. ಪಟ್ಟಿಯಲ್ಲಿ ಅವರ ಹೆಸರು ಇದ್ದಂತೆಯೇ ಇರುತ್ತದೆ ಎಂದರು. ನನಗೆ, ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು. ಗಟ್ಟಿಯಾಗಿ ಬೈಯಲೂ ಇಲ್ಲ. ನಾನು ಕೈಮುಗಿದೆ.

ಹೊರಗೆ ಬಂದ ಮೇಲೆ ಅವರು ಮುಂದೆ, ನಾನು ಹಿಂದೆ. ಬಸ್ ನಿಲ್ದಾಣದ ತನಕ ಹಾಗೇ ನಡೆದೆವು. ಅಲ್ಲಿ ತಿರುಗಿ ನಿಂತರು.

“ನನ್ನುಳ್ಸು ಅಂತ ಕೇಳಿದ್ನಾ ನಿನ್ನ?”

“ಇಲ್ಲ ಮಾವ.”

“ಓಗ್ಲಿ, ಉಳಿಸ್ದೆ. ಒಳ್ಳೇದೇ ಮಾಡ್ದೆ ಅಂತ ಇಟ್ಕೊ. ಓದಾಕ್ ಬಾರ್ದೋನ ಮುಂದೆ ಕುಂತ್ಕಂಡು ಇಲ್ದಿದ್ನ ಓದ್ತೀಯಲ್ಲಾ, ನಾನೇನ್ಲಾ ನಿಂಗೆ? ದನಾನಾ?”

ಜನ ತಿರುಗಿ ನೋಡಿದರು. ಬಸ್ಸು ಬಂತು. ಅವರು ಮುಂದಿನ ಬಾಗಿಲಲ್ಲಿ ಹತ್ತಿದರು, ನಾನು ಹಿಂದಿನ ಬಾಗಿಲಲ್ಲಿ.

ಆಮೇಲೆ ಊರಿನವರೆಲ್ಲ ಸೇರಿ ಹಗ್ಗ ಕಟ್ಟಿ, ಎತ್ತು ಹೂಡಿ, ಗಿಡವನ್ನು ದಡಕ್ಕೆ ಎಳೆದರು. ವಾರಗಟ್ಟಲೆ ಎಳೆದರು. ಕೆಲಸವಿಲ್ಲದ ನಾನು ದಿನವೂ ಹೋಗಿ ಎಳೆದೆ. ದೊಡ್ಡ ಸೌಡಿ ಕೆಲಸ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. “ಆ ಕಡೆ ಇಡ್ಕೊ”, “ಎಳಿ”, “ಸಾಕು”. ಅಷ್ಟು ಮಾತಿತ್ತು. ಉಬ್ಬಿದ ತೊಟ್ಟುಗಳು ಕಾಲ ಕೆಳಗೆ ಪಟಪಟ ಒಡೆಯುತ್ತಿದ್ದವು. ಹೆಂಗಸರಲ್ಲಿ ಯಾರಾದರೂ ಹೂವು ಮುಡಿದುಕೊಂಡರೆ ದೊಡ್ಡ ಸೌಡಿ ಹೋಗಿ ಕಿತ್ತು ರಾಶಿಗೆ ಎಸೆಯುತ್ತಿದ್ದರು.

ಮರುವರ್ಷ ಅವರಿಗೆ ಕಾಯಂ ಆಯಿತು. ಆಗ ನಾನು ಪಾಂಡವಪುರದಲ್ಲಿ ಒಂದು ಟೈಪಿಂಗ್ ಅಂಗಡಿಗೆ ಸೇರಿದ್ದೆ. ಬೇರೆಯವರ ಅರ್ಜಿಗಳನ್ನು ಬರೆದುಕೊಡುವುದು, ಬರೆದ ಮೇಲೆ ಓದಿ ಹೇಳುವುದು. ಒಂದು ಮಧ್ಯಾಹ್ನ ಊರಲ್ಲಿದ್ದಾಗ ಅವರು ಖಾಕಿ ಅಂಗಿ ಹಾಕಿಕೊಂಡು, ಮೈಸೂರು ಪಾಕಿನ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದರು. ಎಲ್ಲರ ಮನೆಗೂ ಹಂಚುತ್ತಿದ್ದರು. ಅವ್ವನ ಕೈಗೆ ಕೊಟ್ಟರು, ನನ್ನ ಹೆಂಡತಿಗೆ ಎರಡು ತುಂಡು ಹೆಚ್ಚು ಕೊಟ್ಟರು, ಜಗಲಿಯಲ್ಲಿ ಕೂತು ಕಾಫಿ ಕುಡಿದರು. ನನ್ನನ್ನೂ ಮಾತಾಡಿಸಿದರು. ಪರೀಕ್ಷೆ ಏನಾಯಿತು ಎಂದು ಕೇಳಿದರು, ಪಾಸಾಯಿತು ಎಂದೆ. ಅಂಗಿಯ ಜೇಬಿನಲ್ಲಿ ಆದೇಶದ ಕಾಗದ ಕಾಣುತ್ತಿತ್ತು. ಅವ್ವ, “ಏನ್ ಬರ್ದವ್ರಣ್ಣ ಅದ್ರಲ್ಲಿ? ಓದುಸ್ದಾ?” ಎಂದಳು. ನಾನು ಕೈ ಚಾಚಿದೆ.

ಅವರು ಕಾಗದವನ್ನು ಇನ್ನೂ ಒಳಕ್ಕೆ ತಳ್ಳಿ ಜೇಬಿನ ಗುಂಡಿ ಹಾಕಿಕೊಂಡರು.

“ಆಪೀಸಲ್ಲಿ ಓದುಸ್ಕೊಂಡಿವ್ನಿ, ಬುಡು” ಎಂದರು.

ಅವರು ಇರುವ ತನಕ ಕರೆಂಟು ಬಿಲ್ಲಿನಿಂದ ಮದುವೆ ಪತ್ರಿಕೆಯ ತನಕ ಒಂದು ಕಾಗದವನ್ನೂ ನನ್ನ ಕೈಗೆ ಓದಲು ಕೊಡಲಿಲ್ಲ. ಎದುರು ಮನೆಯಲ್ಲಿ ನಾನಿದ್ದರೂ ಊರ ಆಚೆ ತುದಿಗೆ ಹೋಗಿ ಬೇರೆಯವರಿಂದ ಓದಿಸಿಕೊಳ್ಳುತ್ತಿದ್ದರು. ಬೇರೆ ಎಲ್ಲದರಲ್ಲೂ ಮೊದಲಿನಂತೆಯೇ ಇದ್ದರು, ಬೈಯುತ್ತಿದ್ದರು, ನಗುತ್ತಿದ್ದರು. ಅವತ್ತು ನಿಜ ಓದಿದ್ದರೆ ಅವರು ಹೆಬ್ಬೆಟ್ಟು ಒತ್ತುತ್ತಿರಲಿಲ್ಲ, ಕೆಲಸ ಉಳಿಯುತ್ತಿರಲಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಹೇಳಿಕೊಂಡ ಮೇಲೂ ಎದ್ದು ಓಡಾಡುವುದು ನಿಂತಿಲ್ಲ.

ನಿಮ್ಮಲ್ಲಿ ಯಾರಾದರೂ ಓದು ಬಾರದವರಿಗೆ ಕಾಗದ ಓದಿ ಹೇಳಿದ್ದೀರಾ? ಒಳ್ಳೆಯದಕ್ಕೆಂದೇ ಒಂದು ಸಾಲು ನುಂಗಿದ್ದೀರಾ, ಇಲ್ಲದ್ದನ್ನು ಸೇರಿಸಿದ್ದೀರಾ? ಅಥವಾ ನಿಮಗೆ ಯಾರಾದರೂ ಹಾಗೆ ಓದಿದ್ದು ಆಮೇಲೆ ತಿಳಿದಿದೆಯಾ? ಆಗ ಏನು ಮಾಡಿದಿರಿ? ಸಂಕೋಚವಿಲ್ಲದೆ ಬರೆಯಿರಿ. ಎಷ್ಟೇ ಉದ್ದವಿದ್ದರೂ, ಎಷ್ಟೇ ತಪ್ಪಿದ್ದರೂ ನಾನು ಓದುತ್ತೇನೆ, ಇರುವುದನ್ನು ಇರುವಂತೆಯೇ.